ದಕ್ಷಿಣ ಮುಂಬಯಿ ಲೋಕಸಭಾ ಕ್ಷೇತ್ರ ಮತ್ತು ಮುಂಬಯಿ ಕನ್ನಡಿಗ

ಮುಂಬಯಿ ಕನ್ನಡಿಗರ ಬದುಕನ್ನು ಕುರಿತು ಈವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಸಂಘಸಂಸ್ಥೆಗಳು, ರಾತ್ರಿಶಾಲೆಗಳು, ಪತ್ರಿಕೆಗಳು, ರಂಗಭೂಮಿ, ಯಕ್ಷಗಾನ ಮತ್ತು ಕಥನಸಾಹಿತ್ಯಗಳ ಸುತ್ತ ಬೆಳೆದು ಬಂದಿವೆ. ಇದು ಸಹಜವೇ ಆಗಿದೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1933ರಲ್ಲಿ ಕರ್ನಾಟಕ ಸಂಘ ಹೀಗೆ ಸಾಲಾಗಿ ಸಂಸ್ಥೆಗಳನ್ನು ಕಟ್ಟಿಕೊಂಡ ಸಮುದಾಯದ ಚರಿತ್ರೆಯನ್ನು ಆ ಸಂಸ್ಥೆಗಳ ಮೂಲಕವೇ ಬರೆಯುವುದು ಸುಲಭ. ಆದರೆ ಈ ನಗರದಲ್ಲಿ ದುಡಿದು, ಬಾಡಿಗೆ ತೆತ್ತು, ಮಕ್ಕಳನ್ನು ಓದಿಸಿದ ಕನ್ನಡಿಗ ಇಲ್ಲಿಯ ಮತದಾರನೂ ಆಗಿದ್ದನೇ? ಆಗಿದ್ದರೆ ಆ ಚರಿತ್ರೆ ಎಲ್ಲಿದೆ? ಈ ಪ್ರಶ್ನೆಯತ್ತ ನಮ್ಮ ಗಮನ ಸಾಕಷ್ಟು ಹರಿದಿಲ್ಲ. ದಕ್ಷಿಣ ಮುಂಬಯಿ ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು 1952ರಿಂದ 2024ರವರೆಗೆ ಸ್ಥೂಲವಾಗಿ ಪರಿಚಯಿಸುತ್ತ ಆ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು ಒಂದೇ, ಕ್ಷೇತ್ರ ಹಲವು

ಚುನಾವಣಾ ಕ್ಷೇತ್ರವನ್ನು ನಾವು ಊರಿನಂತೆ, ತಾಲೂಕಿನಂತೆ ಸ್ಥಿರವಾದ ಭೂಭಾಗವೆಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ಕ್ಷೇತ್ರವು ಜನಸಂಖ್ಯೆಯನ್ನು ಆಧರಿಸಿ ಎಳೆದ ಗೆರೆ. ಜನಸಂಖ್ಯೆ ಬದಲಾದಂತೆ ಗೆರೆಯೂ ಬದಲಾಗುತ್ತದೆ. ಹೆಸರು ಮಾತ್ರ ಬಹುಕಾಲ ಹಾಗೆಯೇ ಉಳಿಯುತ್ತದೆ.

1951-52ರ ಮೊದಲ ಮಹಾಚುನಾವಣೆಯಲ್ಲಿ ಮುಂಬಯಿ ದ್ವೀಪನಗರವು ದಕ್ಷಿಣ ಮತ್ತು ಉತ್ತರ ಎಂಬ ಎರಡು ಕ್ಷೇತ್ರಗಳಾಗಿ ವಿಭಜಿತವಾಗಿತ್ತು. ಉಪನಗರಗಳಿಗೆ ಪ್ರತ್ಯೇಕ ಕ್ಷೇತ್ರವಿತ್ತು. ಇವುಗಳಲ್ಲಿ ಉತ್ತರ ಕ್ಷೇತ್ರವು ದ್ವಿಸದಸ್ಯ ಕ್ಷೇತ್ರ. ಅಂದರೆ ಒಂದೇ ಕ್ಷೇತ್ರದಿಂದ ಒಬ್ಬ ಸಾಮಾನ್ಯ ಸದಸ್ಯ ಹಾಗೂ ಒಬ್ಬ ಪರಿಶಿಷ್ಟ ಜಾತಿಯ ಸದಸ್ಯ ಆರಿಸಿ ಬರಬೇಕಾಗಿತ್ತು; ಪ್ರತಿಯೊಬ್ಬ ಮತದಾರನಿಗೂ ಎರಡು ಮತಗಳಿದ್ದವು. ಡಾ. ಬಿ. ಆರ್. ಅಂಬೇಡ್ಕರರು ಸೋತದ್ದು ಈ ಕ್ಷೇತ್ರದಲ್ಲಿಯೇ. ಕಾಂಗ್ರೆಸ್ಸಿನ ನಾರಾಯಣ ಸದೋಬಾ ಕಾಜ್ರೋಳ್ಕರ್ ಅವರನ್ನು ಸುಮಾರು 14 ಸಾವಿರ ಮತಗಳಿಂದ ಸೋಲಿಸಿದರು. ಸಂವಿಧಾನದ ಶಿಲ್ಪಿಯೊಬ್ಬರು ಆ ಸಂವಿಧಾನದ ಅಡಿಯಲ್ಲಿ ನಡೆದ ಮೊದಲ ಚುನಾವಣೆಯಲ್ಲಿಯೇ ಸೋತರೆಂಬುದು ಈ ನಗರದ ಚುನಾವಣಾ ಚರಿತ್ರೆಯ ಮೊದಲ ಪುಟದಲ್ಲಿದೆ. ದ್ವಿಸದಸ್ಯ ಕ್ಷೇತ್ರಗಳ ಪದ್ಧತಿಯನ್ನು 1961ರ ಕಾಯಿದೆಯಿಂದ ರದ್ದುಪಡಿಸಲಾಯಿತು.

ಅಲ್ಲಿಂದೀಚೆಗೆ ಗೆರೆಗಳು ಮತ್ತೆ ಮತ್ತೆ ಬದಲಾದವು. ಇಂದು ಬೃಹನ್ಮುಂಬಯಿಯಲ್ಲಿ ಆರು ಲೋಕಸಭಾ ಕ್ಷೇತ್ರಗಳಿವೆ. ಅವುಗಳಲ್ಲಿ ದಕ್ಷಿಣ ಮುಂಬಯಿಯು ದ್ವೀಪದ ತುದಿಯ ಕೊಲಾಬದಿಂದ ಆರಂಭವಾಗುತ್ತದೆ. ಬಂದರು, ಶೇರುಪೇಟೆ, ಉಚ್ಚ ನ್ಯಾಯಾಲಯ, ಮಂತ್ರಾಲಯ, ಮಹಾನಗರಪಾಲಿಕೆಯ ಮುಖ್ಯ ಕಚೇರಿ, ಮಲಬಾರ್ ಹಿಲ್ಲಿನ ಬಂಗಲೆಗಳು, ಅವುಗಳ ಮಗ್ಗುಲಲ್ಲಿಯೇ ಇಕ್ಕಟ್ಟಿನ ಚಾಳುಗಳು ಈ ಕ್ಷೇತ್ರದಲ್ಲಿ ಒಟ್ಟಿಗೆ ಇವೆ. ಕರಾವಳಿಯಿಂದ ಬಂದ ಕನ್ನಡಿಗರು ಮೊದಲು ನೆಲೆನಿಂತ ಪ್ರದೇಶಗಳಲ್ಲಿ ಫೋರ್ಟ್ ಒಂದು. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರಿಗೆ ಸಂಜೆ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳು ನಡೆದದ್ದೂ ಇಲ್ಲಿಯೇ.

2. ಎಸ್. ಕೆ. ಪಾಟೀಲರ ಕಾಲ

1952, 1957 ಮತ್ತು 1962ರ ಮೂರು ಚುನಾವಣೆಗಳಲ್ಲಿಯೂ ದಕ್ಷಿಣ ಮುಂಬಯಿಯಿಂದ ಗೆದ್ದವರು ಕಾಂಗ್ರೆಸ್ಸಿನ ಸದಾಶಿವ ಕಾನೋಜಿ ಪಾಟೀಲ್. ಕೊಂಕಣದಿಂದ ಬಂದ ಪಾಟೀಲರು 1949ರಿಂದ 1952ರವರೆಗೆ ಮೂರು ಬಾರಿ ಮುಂಬಯಿಯ ಮೇಯರ್ ಆಗಿದ್ದರು. ಅನಂತರ ಕೇಂದ್ರದಲ್ಲಿ ನೀರಾವರಿ ಮತ್ತು ವಿದ್ಯುತ್, ಸಾರಿಗೆ, ಆಹಾರ, ರೈಲ್ವೆ ಮೊದಲಾದ ಖಾತೆಗಳನ್ನು ನಿರ್ವಹಿಸಿದರು. ನಗರದ ವ್ಯಾಪಾರಿ ವರ್ಗ, ಪಕ್ಷದ ನಿಧಿ ಹಾಗೂ ಪಾಲಿಕೆಯ ಆಡಳಿತ ಮೂರೂ ಅವರ ಹಿಡಿತದಲ್ಲಿದ್ದುದರಿಂದ ‘ಮುಂಬಯಿಯ ಕಿರೀಟವಿಲ್ಲದ ರಾಜ’ ಎಂಬ ಮಾತು ಬಳಕೆಗೆ ಬಂದಿತು.

ಈ ಅವಧಿಯಲ್ಲಿಯೇ ಮುಂಬಯಿ ಕನ್ನಡಿಗನ ರಾಜಕೀಯ ಸ್ಥಾನಮಾನದಲ್ಲಿ ಒಂದು ಪಲ್ಲಟವುಂಟಾಯಿತು. 1956ರ ಅಕ್ಟೋಬರ್ ಕೊನೆಯವರೆಗೆ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದ ಭಾಗಗಳಾಗಿದ್ದವು. ಮೊದಲ ಮಹಾಚುನಾವಣೆಯಲ್ಲಿ ಆ ಜಿಲ್ಲೆಗಳ ಕನ್ನಡಿಗರು ಆರಿಸಿದ ಶಾಸಕರು ಬಂದು ಕುಳಿತದ್ದು ಮುಂಬಯಿಯ ವಿಧಾನಸಭೆಯಲ್ಲಿ. ಧಾರವಾಡದಿಂದ ಬಂದ ಗುಮಾಸ್ತನಿಗೆ ಇದು ತನ್ನ ರಾಜ್ಯದ ರಾಜಧಾನಿ. ದಕ್ಷಿಣ ಕನ್ನಡದವರ ಸ್ಥಿತಿ ಬೇರೆ. ಅವರ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಈ ಎರಡೂ ಭಾಗಗಳು ಮೈಸೂರು ರಾಜ್ಯದಲ್ಲಿ ಒಂದಾದವು. ಕನ್ನಡಿಗರ ಬಹುಕಾಲದ ಕನಸು ನನಸಾದ ದಿನವದು. ಅದೇ ದಿನದಿಂದ ಮುಂಬಯಿಯಲ್ಲಿ ನೆಲೆಸಿದ್ದ ಉತ್ತರ ಕರ್ನಾಟಕದ ಕನ್ನಡಿಗನು ತನ್ನ ರಾಜಧಾನಿಯ ಪ್ರಜೆಯಾಗಿ ಉಳಿಯದೆ ಬೇರೊಂದು ರಾಜ್ಯದ ಭಾಷಿಕ ಅಲ್ಪಸಂಖ್ಯಾತನಾದನು. ಏಕೀಕರಣದ ಚರಿತ್ರೆಯನ್ನು ಓದುವಾಗ ಈ ಮಗ್ಗುಲನ್ನೂ ಅಭ್ಯಾಸಿಗಳು ಗಮನಿಸಬೇಕು.

ಅತ್ತ ಮುಂಬಯಿ ಯಾರದು ಎಂಬ ವಿವಾದ ತೀವ್ರವಾಗಿತ್ತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣತೆತ್ತರು. ಅವರ ನೆನಪಿನ ಹುತಾತ್ಮ ಚೌಕ ಇರುವುದು ಇದೇ ಕ್ಷೇತ್ರದ ಫ್ಲೋರಾ ಫೌಂಟನ್ ಬಳಿ. ಮುಂಬಯಿಯನ್ನು ಮಹಾರಾಷ್ಟ್ರಕ್ಕೆ ಸೇರಿಸುವುದನ್ನು ಪಾಟೀಲರು ಬಲವಾಗಿ ವಿರೋಧಿಸಿದ್ದರು. 1957ರ ಚುನಾವಣೆಯಲ್ಲಿ ಚಳವಳಿಯ ಅಲೆ ನಗರದ ಮಧ್ಯಭಾಗದಲ್ಲಿ ಎಸ್. ಎ. ಡಾಂಗೆಯವರನ್ನು ಲೋಕಸಭೆಗೆ ಕಳುಹಿಸಿತು. ದಕ್ಷಿಣದಲ್ಲಿ ಮಾತ್ರ ಪಾಟೀಲರು ಉಳಿದುಕೊಂಡರು. ಗುಜರಾತಿ, ಮಾರವಾಡಿ, ಪಾರಸಿ ವ್ಯಾಪಾರಸ್ಥರ ಸಂಖ್ಯೆ ಗಣನೀಯವಾಗಿದ್ದ ಕ್ಷೇತ್ರವಾದುದರಿಂದ ಇದು ಅನಿರೀಕ್ಷಿತವಾಗಿರಲಿಲ್ಲ. ಒಂದೇ ನಗರದ ಎರಡು ಭಾಗಗಳು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಮುಂಬಯಿಯೊಡನೆ ಅಸ್ತಿತ್ವಕ್ಕೆ ಬಂದ ಬಳಿಕವೂ, 1962ರಲ್ಲಿ, ಪಾಟೀಲರೇ ಗೆದ್ದರು.

3. 1967: ಮಂಗಳೂರಿನಿಂದ ಬಂದವನ ಗೆಲುವು

ಈ ಕ್ಷೇತ್ರದ ಚರಿತ್ರೆಯಲ್ಲಿ ದೇಶದ ಗಮನ ಸೆಳೆದ ಚುನಾವಣೆಯೆಂದರೆ 1967ರದು. ಆಗ ರೈಲ್ವೆ ಮಂತ್ರಿಯಾಗಿದ್ದ ಪಾಟೀಲರ ಎದುರು ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ನಿಂತವರು 36 ವರ್ಷದ ಜಾರ್ಜ್ ಫರ್ನಾಂಡಿಸ್.

1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಫರ್ನಾಂಡಿಸ್ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿ ಮನಸ್ಸು ನಿಲ್ಲದೆ ಹೊರಬಂದವರು. ಕನ್ನಡದ ಅಭ್ಯಾಸಿಗಳಿಗೆ ಆಸಕ್ತಿಯೆನಿಸುವ ಒಂದು ಸಂಗತಿಯಿದೆ: 1949ರಲ್ಲಿ ಅವರು ‘ಕೊಂಕಣಿ ಯುವಕ್’ ಎಂಬ ಕೊಂಕಣಿ ಮಾಸಪತ್ರಿಕೆಗೂ ‘ರೈತವಾಣಿ’ ಎಂಬ ಕನ್ನಡ ವಾರಪತ್ರಿಕೆಗೂ ಸಂಪಾದಕರಾಗಿದ್ದರು. ಬಳಿಕ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದರು. ಚೌಪಾಟಿಯ ಬೆಂಚುಗಳಲ್ಲಿ ಮಲಗಿದ ದಿನಗಳನ್ನು ಅವರೇ ನೆನೆದುಕೊಂಡಿದ್ದಾರೆ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಸಂಪರ್ಕ ಹಾಗೂ ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳ ಪ್ರಭಾವ ಅವರನ್ನು ಕಾರ್ಮಿಕ ಚಳವಳಿಗೆ ಎಳೆದವು. ಬಂದರಿನ ಕೂಲಿಗಳು, ಪಾಲಿಕೆಯ ಸಫಾಯಿ ಕೆಲಸಗಾರರು, ಬೆಸ್ಟ್ ಬಸ್ಸಿನ ನೌಕರರು, ಟ್ಯಾಕ್ಸಿ ಚಾಲಕರು, ಹೋಟೆಲು ಮಾಣಿಗಳು ಇವರ ನಡುವೆ ಅವರ ಸಂಘಟನೆ ಬೆಳೆಯಿತು. 1961ರಿಂದ 1968ರವರೆಗೆ ಅವರು ಮಹಾನಗರಪಾಲಿಕೆಯಲ್ಲಿ ನಗರಸೇವಕರೂ ಆಗಿದ್ದರು.

ಪಾಟೀಲರನ್ನು ದೇವರೂ ಸೋಲಿಸಲಾರನೆಂಬ ಅರ್ಥದ ಮಾತು ಆ ಚುನಾವಣೆಯ ಹೊತ್ತಿಗೆ ಪಾಟೀಲರ ಬಾಯಿಂದಲೇ ಬಂದಿತೆಂದೂ, ದೇವರಿಂದಾಗದ್ದು ಮತದಾರರಿಂದ ಆಗುತ್ತದೆಂದು ಫರ್ನಾಂಡಿಸ್ ಬೆಂಬಲಿಗರು ಭಿತ್ತಿಪತ್ರಗಳ ಮೂಲಕ ನಗರವೆಲ್ಲ ಸಾರಿದರೆಂದೂ ಹೇಳುವುದುಂಟು. ಮಾತು ಯಾವ ರೂಪದಲ್ಲಿ ಆಡಲ್ಪಟ್ಟಿದ್ದರೂ ಫಲಿತಾಂಶ ಸ್ಪಷ್ಟವಾಗಿತ್ತು. ಶೇಕಡಾ 48ಕ್ಕೂ ಹೆಚ್ಚು ಮತ ಪಡೆದು ಫರ್ನಾಂಡಿಸ್ ಗೆದ್ದರು. ಅದೇ ಚುನಾವಣೆಯಲ್ಲಿ ಮದರಾಸಿನ ಕಾಮರಾಜ್, ಬಂಗಾಳದ ಅತುಲ್ಯ ಘೋಷ್ ಅವರಂತಹ ಕಾಂಗ್ರೆಸ್ ಮುಖಂಡರೂ ಸೋತಿದ್ದರಿಂದ, ದಕ್ಷಿಣ ಮುಂಬಯಿಯ ಫಲಿತಾಂಶವನ್ನು ಒಂದು ರಾಷ್ಟ್ರೀಯ ಪಲ್ಲಟದ ಅಂಗವಾಗಿಯೇ ನೋಡಬೇಕು.

ಆದರೆ ಸ್ಥಳೀಯ ಸಂದರ್ಭವೂ ಮುಖ್ಯವಾದುದು. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಗೊಂಡಿತ್ತು. ದಕ್ಷಿಣ ಭಾರತೀಯರು ಸ್ಥಳೀಯರ ನೌಕರಿಗಳನ್ನು ಕಸಿಯುತ್ತಿದ್ದಾರೆಂಬ ಕೂಗು ಎದ್ದು, ಉಡುಪಿ ಹೋಟೆಲುಗಳು ಆ ಸಿಟ್ಟಿಗೆ ಗುರಿಯಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಳಗಾವಿ ಗಡಿವಿವಾದದ ವಿಚಾರಣೆಗೆ ಮಹಾಜನ ಆಯೋಗ ನೇಮಕವಾಗಿತ್ತು. ಇಂಥ ಹೊತ್ತಿನಲ್ಲಿ, ಸೇನೆ ಹುಟ್ಟಿದ ಎಂಟು ತಿಂಗಳಲ್ಲಿ, ಮಂಗಳೂರಿನಿಂದ ಬಂದವನೊಬ್ಬ ನಗರದ ಅತ್ಯಂತ ಪ್ರಭಾವಶಾಲಿ ನಾಯಕನನ್ನು ಸೋಲಿಸಿದನು.

ಇದನ್ನು ಮುಂಬಯಿ ಕನ್ನಡಿಗರ ಗೆಲುವೆಂದು ಕರೆಯಬಹುದೇ? ನಮ್ಮ ಸಭೆಗಳಲ್ಲಿ ಹಾಗೆ ಕರೆಯುವ ರೂಢಿಯಿದೆ. ಈ ವಿಷಯದಲ್ಲಿ ಎಚ್ಚರ ಅಗತ್ಯ. ಫರ್ನಾಂಡಿಸ್ ಅವರ ಮನೆಮಾತು ಕೊಂಕಣಿ. ದಕ್ಷಿಣ ಕನ್ನಡದಿಂದ ಬಂದ ತುಳುವರಿಗೂ ಕೊಂಕಣಿಗರಿಗೂ ಬ್ಯಾರಿಗಳಿಗೂ ಮುಂಬಯಿಯಲ್ಲಿ ಕನ್ನಡವು ಶಾಲೆಯ, ಪತ್ರಿಕೆಯ, ಸಂಘದ ಭಾಷೆಯಾಗಿ ಒದಗಿತು. ಆ ವಿಶಾಲ ಅರ್ಥದಲ್ಲಿ ಅವರು ನಮ್ಮವರೇ. ಆದರೆ ಅವರು ಮತ ಕೇಳಿದ್ದು ಕಾರ್ಮಿಕರ ಪ್ರತಿನಿಧಿಯಾಗಿ, ಹಿಂದಿ ಮತ್ತು ಮರಾಠಿಯಲ್ಲಿ. ಅವರನ್ನು ಗೆಲ್ಲಿಸಿದ ಸಫಾಯಿ ಕೆಲಸಗಾರನಿಗಾಗಲಿ ಟ್ಯಾಕ್ಸಿ ಚಾಲಕನಿಗಾಗಲಿ ಮಂಗಳೂರು ಎಲ್ಲಿದೆಯೆಂಬುದು ಮುಖ್ಯವಾಗಿರಲಿಲ್ಲ. ಭಾಷೆಯ ಹೆಸರಿನಲ್ಲಿ ನಗರ ಒಡೆಯಲಾರಂಭಿಸಿದ ಹೊತ್ತಿನಲ್ಲಿ ದುಡಿಮೆಯ ಹೆಸರಿನಲ್ಲಿ ಒಂದು ಬಹುಮತ ಕೂಡಿಬಂದಿತು. ಈ ಗೆಲುವಿನ ಅರ್ಥ ಅದರಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ 1986ರ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಯನ್ನು ಓದುವ ವಿದ್ಯಾರ್ಥಿಗಳಿಗೆ ಮುಂಬಯಿಯ ಈ ಕಾರ್ಮಿಕ ಹಿನ್ನೆಲೆಯ ಪರಿಚಯ ಉಪಯುಕ್ತವಾದೀತು.

4. ವ್ಯಾಪಾರಿ ನಗರದ ಕ್ಷೇತ್ರ: 1971–2004

1967ರ ಬಹುಮತ ಬಾಳಲಿಲ್ಲ. 1971ರಲ್ಲಿ ಇಂದಿರಾ ಗಾಂಧಿಯವರ ಪರವಾದ ಅಲೆಯಲ್ಲಿ ಕ್ಷೇತ್ರ ಮತ್ತೆ ಕಾಂಗ್ರೆಸ್ಸಿಗೆ ಹೋಯಿತು, ಎನ್. ಎನ್. ಕೈಲಾಸ್ ಆಯ್ಕೆಯಾದರು. ಫರ್ನಾಂಡಿಸ್ 1974ರ ರೈಲ್ವೆ ಮುಷ್ಕರದ ನಾಯಕರಾಗಿ, ತುರ್ತುಪರಿಸ್ಥಿತಿಯ ಸೆರೆಯಾಳಾಗಿ ದೇಶಕ್ಕೆ ಪರಿಚಿತರಾದರು. 1977ರಲ್ಲಿ ಅವರು ಸೆರೆಮನೆಯಿಂದಲೇ ಗೆದ್ದದ್ದು ಬಿಹಾರದ ಮುಜಫ್ಫರಪುರದಿಂದ. ಆಮೇಲೆ ಮುಂಬಯಿಯಿಂದ ಅವರು ಲೋಕಸಭೆಗೆ ಆಯ್ಕೆಯಾಗಲಿಲ್ಲ.

1977 ಮತ್ತು 1980ರಲ್ಲಿ ಜನತಾ ಪಕ್ಷದ ರತನಸಿಂಹ ರಾಜ್ದಾ ಗೆದ್ದರು. 1980ರಲ್ಲಿ ದೇಶದಲ್ಲೆಲ್ಲ ಕಾಂಗ್ರೆಸ್ ಮರಳಿ ಬಂದಾಗಲೂ ಈ ಕ್ಷೇತ್ರ ಜನತಾ ಪಕ್ಷವನ್ನು ಉಳಿಸಿಕೊಂಡುದು ಗಮನಾರ್ಹ. 1984, 1989 ಮತ್ತು 1991ರಲ್ಲಿ ಕಾಂಗ್ರೆಸ್ಸಿನ ಮುರಳಿ ದೇವರಾ; 1996ರಲ್ಲಿ ಭಾರತೀಯ ಜನತಾ ಪಕ್ಷದ ಜಯವಂತಿಬೆನ್ ಮೆಹ್ತಾ; 1998ರಲ್ಲಿ ಮತ್ತೆ ದೇವರಾ; 1999ರಲ್ಲಿ ಮತ್ತೆ ಜಯವಂತಿಬೆನ್. 2004ರಲ್ಲಿ ಮುರಳಿ ದೇವರಾ ಅವರ ಪುತ್ರ ಮಿಲಿಂದ್ ದೇವರಾ ಸುಮಾರು 10 ಸಾವಿರ ಮತಗಳ ಅಂತರದಿಂದ ಗೆದ್ದರು.

ಈ ಹೆಸರುಗಳ ಸಾಲಿನಲ್ಲಿ ಒಂದು ಕ್ರಮವಿದೆ. ಆಗಿನ ದಕ್ಷಿಣ ಮುಂಬಯಿಯು ಕೊಲಾಬಾ, ಉಮರಖಾಡಿ, ಮುಂಬಾದೇವಿ, ಖೇತವಾಡಿ, ಆಪೆರಾ ಹೌಸ್, ಮಲಬಾರ್ ಹಿಲ್ ಎಂಬ ಆರು ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡಿತ್ತು. ಪೇಟೆಯ ವ್ಯಾಪಾರಿಗಳು ಹಾಗೂ ಮುಸ್ಲಿಂ ಮತದಾರರು ಇಲ್ಲಿ ನಿರ್ಣಾಯಕರು. ಗಿರಣಿ ಕಾರ್ಮಿಕರ ಪ್ರದೇಶವಾದ ಪರೇಲ್, ಶಿವಡಿ, ವರ್ಲಿಗಳು ಪಕ್ಕದ ದಕ್ಷಿಣ-ಮಧ್ಯ ಕ್ಷೇತ್ರದಲ್ಲಿದ್ದವು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಾಯಕ ಡಾ. ದತ್ತಾ ಸಾಮಂತ್ 1984ರಲ್ಲಿ ಪಕ್ಷೇತರರಾಗಿ ಗೆದ್ದದ್ದು ಆ ಪಕ್ಕದ ಕ್ಷೇತ್ರದಿಂದ. ಮುಂದೆ ಅದು ಶಿವಸೇನೆಯ ಭದ್ರ ನೆಲೆಯಾಯಿತು. ಹೀಗೆ ಒಂದು ಗೆರೆಯ ಆಚೆ ಗಿರಣಿ, ಈಚೆ ಪೇಟೆ. ಎರಡಕ್ಕೂ ಬೇರೆಬೇರೆ ಪ್ರತಿನಿಧಿಗಳು.

5. 2008ರ ಪುನರ್ವಿಂಗಡಣೆ

2001ರ ಜನಗಣತಿಯನ್ನು ಆಧರಿಸಿ 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ ಈ ಗೆರೆಯನ್ನು ಅಳಿಸಿತು. ದ್ವೀಪನಗರದ ಜನಸಂಖ್ಯೆಯ ಪಾಲು ಕುಗ್ಗುತ್ತ, ಉಪನಗರಗಳದು ಹಿಗ್ಗುತ್ತ ಬಂದಿತ್ತು. ಹೀಗಾಗಿ ದಕ್ಷಿಣದ ಕ್ಷೇತ್ರ ಉತ್ತರಾಭಿಮುಖವಾಗಿ ಚಾಚಿಕೊಳ್ಳಬೇಕಾಯಿತು. ಉಮರಖಾಡಿ, ಖೇತವಾಡಿ, ಆಪೆರಾ ಹೌಸ್ ಎಂಬ ವಿಧಾನಸಭಾ ಕ್ಷೇತ್ರಗಳು ಹೆಸರಿಲ್ಲದಂತಾದವು; ಅವುಗಳ ಸ್ಥಾನದಲ್ಲಿ ವರ್ಲಿ, ಶಿವಡಿ, ಭಾಯ್ಕಳಾ ಬಂದವು. ಗಿರಣಿಯ ಚಾಳು ಹಾಗೂ ಮಲಬಾರ್ ಹಿಲ್ಲಿನ ಬಂಗಲೆ ಈಗ ಒಂದೇ ಕ್ಷೇತ್ರದ ಮತದಾರರು.

ಪರಿಣಾಮ ಕೂಡಲೇ ಕಾಣಿಸಲಿಲ್ಲ. 2009ರಲ್ಲಿ ಮಿಲಿಂದ್ ದೇವರಾ ಗೆದ್ದರು. ಆದರೆ ಅಂದು ಶಿವಸೇನೆಯ ಹಾಗೂ ಅದರಿಂದ ಒಡೆದು ಹೊರಬಂದ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಅಭ್ಯರ್ಥಿಗಳು ಪಡೆದ ಮತಗಳನ್ನು ಕೂಡಿಸಿದರೆ ಅದು ದೇವರಾ ಅವರ ಮತಗಳಿಗಿಂತ ಹೆಚ್ಚಾಗುತ್ತಿತ್ತು. 2014ರಲ್ಲಿ ಶಿವಸೇನೆಯ ಅರವಿಂದ ಸಾವಂತ್ ಸುಮಾರು 1.28 ಲಕ್ಷ ಮತಗಳ ಅಂತರದಿಂದ, 2019ರಲ್ಲಿ ಸುಮಾರು ಒಂದು ಲಕ್ಷದ ಅಂತರದಿಂದ ಗೆದ್ದರು. 2022ರಲ್ಲಿ ಶಿವಸೇನೆ ಒಡೆದ ಮೇಲೆ ನಡೆದ 2024ರ ಚುನಾವಣೆಯಲ್ಲಿ, ಉದ್ಧವ್ ಠಾಕ್ರೆ ಬಣದ ಅಭ್ಯರ್ಥಿಯಾಗಿ ಅವರೇ ಸುಮಾರು 52 ಸಾವಿರದ ಅಂತರದಿಂದ ಮತ್ತೆ ಆಯ್ಕೆಯಾದರು. ಅಷ್ಟರಲ್ಲಿ ಮಿಲಿಂದ್ ದೇವರಾ ಕಾಂಗ್ರೆಸ್ ತೊರೆದು ಏಕನಾಥ ಶಿಂದೆ ಬಣವನ್ನು ಸೇರಿದ್ದರು. ಅರ್ಧ ಶತಮಾನದ ಕಾಲ ರಾಷ್ಟ್ರೀಯ ಪಕ್ಷಗಳ ನಡುವೆಯೇ ಓಡಾಡಿದ ಕ್ಷೇತ್ರ, ಗೆರೆ ಬದಲಾದ ಬಳಿಕ, ಮರಾಠಿ ಪ್ರಾದೇಶಿಕ ಪಕ್ಷದ ಕೈಗೆ ಬಂದಿತು. ಇದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಗೆರೆಯ ಪಾತ್ರವನ್ನು ಮರೆಯುವಂತಿಲ್ಲ.

ಕನ್ನಡಿಗರ ಪಾಲಿಗೂ ಭೂಪಟ ಬದಲಾಗಿದೆ. ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 33.38 ಲಕ್ಷವಿದ್ದುದು 2011ರಲ್ಲಿ 30.85 ಲಕ್ಷಕ್ಕೆ ಇಳಿಯಿತು. ಫೋರ್ಟಿನ ಹೋಟೆಲುಗಳ ಮಾಳಿಗೆಗಳಲ್ಲಿ ಇದ್ದವರ ಮಕ್ಕಳು ಬೊರಿವಲಿ, ಮೀರಾರೋಡ್, ಡೊಂಬಿವಲಿ, ನವಿಮುಂಬಯಿಗಳಲ್ಲಿ ಮನೆ ಮಾಡಿದರು. ತುಳು-ಕನ್ನಡ ಮೂಲದ ಗೋಪಾಲ ಶೆಟ್ಟಿ 2014 ಮತ್ತು 2019ರಲ್ಲಿ ಭಾರತೀಯ ಜನತಾ ಪಕ್ಷದಿಂದ ಆಯ್ಕೆಯಾದದ್ದು ಉತ್ತರ ಮುಂಬಯಿಯಿಂದ. ಎರಡು ಬಾರಿಯೂ ಅಂತರ 4 ಲಕ್ಷಕ್ಕೂ ಮಿಗಿಲು. ಅಷ್ಟು ದೊಡ್ಡ ಅಂತರವನ್ನು ಕನ್ನಡಿಗರ ಮತಗಳಿಂದಷ್ಟೇ ವಿವರಿಸಲಾಗದು. ಫರ್ನಾಂಡಿಸ್ ಅವರ ಮಾರ್ಗ ದುಡಿಮೆಯದಾದರೆ ಶೆಟ್ಟಿಯವರದು ಪಕ್ಷದ ಹಾಗೂ ವಾರ್ಡಿನ ಕೆಲಸದ್ದು. ಇಬ್ಬರಲ್ಲಿ ಯಾರೂ ಭಾಷಿಕ ಅಲ್ಪಸಂಖ್ಯಾತರ ಪ್ರತಿನಿಧಿಯೆಂಬ ನೆಲೆಯಲ್ಲಿ ಗೆದ್ದವರಲ್ಲ.

6. ಪಟ್ಟಿಯಲ್ಲಿ ಹೆಸರು

ಗೆದ್ದವರ ಪಟ್ಟಿ ಹೀಗಿದ್ದರೆ, ಮತ ಹಾಕಿದವರ ಪಟ್ಟಿಯಲ್ಲಿ ಕನ್ನಡಿಗ ಎಲ್ಲಿದ್ದ? ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ಫೋರ್ಟಿನ ಹೋಟೆಲೊಂದರಲ್ಲಿ ಆಯುಷ್ಯ ಕಳೆದ ಹಿರಿಯರೊಬ್ಬರು ತಮ್ಮ 1967ರ ನೆನಪುಗಳನ್ನು ಹೇಳಿದ್ದರು. ಕೆಲಸ ಮುಗಿದ ಮೇಲೆ ನಡುರಾತ್ರಿಯವರೆಗೆ ಭಿತ್ತಿಪತ್ರ ಅಂಟಿಸಿದ್ದರಂತೆ, ಸಭೆಗಳಿಗೆ ಹೋಗಿದ್ದರಂತೆ. ಫಲಿತಾಂಶದ ದಿನ ಗಿರಾಕಿಗಳಿಗೆ ಸಿಹಿ ಹಂಚಿದ್ದರಂತೆ. ನೀವು ಮತ ಹಾಕಿದಿರಾ ಎಂದು ಕೇಳಿದೆ. ಅವರು ನಕ್ಕು, ತಮ್ಮ ಹೆಸರು ಊರಿನ ಪಟ್ಟಿಯಲ್ಲಿತ್ತೆಂದರು. ಊರಿಗೆ ಹೋಗಲು ರಜೆ ಇರಲಿಲ್ಲವಾದುದರಿಂದ ಅಲ್ಲಿಯೂ ಹಾಕಲಿಲ್ಲ.

ಈ ಮಾತಿನ ಹಿಂದೆ ಒಂದು ಕಾನೂನಿನ ಅಂಶವಿದೆ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ, ವ್ಯಕ್ತಿಯು ಯಾವ ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯೋ ಅಲ್ಲಿ ಅವನ ಹೆಸರು ನೋಂದಣಿಯಾಗಬೇಕು. ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಒಂದೇ ಕಾರಣದಿಂದ ಅವನು ಆ ಊರಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರಿರುವಂತೆಯೂ ಇಲ್ಲ. ಆದುದರಿಂದ ವರ್ಷದ ಹನ್ನೊಂದು ತಿಂಗಳು ಫೋರ್ಟಿನಲ್ಲಿ ಮಲಗಿ ಏಳುವವನು ಕಾನೂನಿನ ದೃಷ್ಟಿಯಲ್ಲಿ ಫೋರ್ಟಿನವನೇ. ಅವನ ಮನಸ್ಸಿನ ದೃಷ್ಟಿಯಲ್ಲಿ ಮಾತ್ರ ಅವನು ಊರಿನವನು. ಅಲ್ಲದೆ ಹೋಟೆಲಿನ ಹಲಗೆಯ ಮೇಲೆ ಮಲಗುವವನಿಗೆ ವಿಳಾಸದ ಪುರಾವೆ ಒದಗಿಸುವುದು ಸುಲಭದ ಮಾತೂ ಆಗಿರಲಿಲ್ಲ. 1989ರವರೆಗೆ ಮತದಾನದ ವಯಸ್ಸು 21 ಆಗಿದ್ದುದರಿಂದ, ಹದಿಹರೆಯದಲ್ಲಿ ಬಂದ ಮಾಣಿಗಳ ಒಂದು ದೊಡ್ಡ ಗುಂಪು ಲೆಕ್ಕಕ್ಕೇ ಬರುತ್ತಿರಲಿಲ್ಲ. ಹೀಗೆ ಊರು ಮತ್ತು ಮುಂಬಯಿಗಳ ನಡುವೆ ಹಂಚಿಹೋದ ಬದುಕಿನಲ್ಲಿ ಮತವು ಎರಡೂ ಕಡೆ ಕೈತಪ್ಪಿದ ಸಂದರ್ಭಗಳು ಕಡಿಮೆಯಿರಲಾರವು.

ಇವರ ಸಂಖ್ಯೆಯನ್ನು ಹೇಳುವ ದಾಖಲೆ ಒಂದೆಡೆ ದೊರೆಯುವುದಿಲ್ಲ. ಜನಗಣತಿಯು ಭಾಷಾವಾರು ಅಂಕಿಗಳನ್ನು ಜಿಲ್ಲೆಯ ಲೆಕ್ಕದಲ್ಲಿ ಕೊಡುತ್ತದೆ, ಲೋಕಸಭಾ ಕ್ಷೇತ್ರದ ಲೆಕ್ಕದಲ್ಲಲ್ಲ. ಮತದಾರರ ಪಟ್ಟಿ ಹೆಸರು, ವಯಸ್ಸು, ವಿಳಾಸ ಹೇಳುತ್ತದೆ, ಭಾಷೆ ಹೇಳುವುದಿಲ್ಲ. ಹಾಗಾಗಿ ಈ ಚರಿತ್ರೆಯನ್ನು ಕಟ್ಟುವ ಕೆಲಸ ಕನ್ನಡ ವಿಭಾಗದ ಸಂಶೋಧಕರದೇ ಆಗಿದೆ. ಹಳೆಯ ಮತದಾರರ ಪಟ್ಟಿಗಳು, ಸಂಘಗಳ ಸ್ಮರಣಸಂಚಿಕೆಗಳು, ಮುಂಬಯಿಯ ಕನ್ನಡ ಪತ್ರಿಕೆಗಳ ಚುನಾವಣಾ ಕಾಲದ ಸಂಚಿಕೆಗಳು, ಹಿರಿಯರ ಬಾಯ್ಮಾತಿನ ನೆನಪುಗಳು ಇವು ಅದರ ಆಕರಗಳು. ಇವುಗಳಲ್ಲಿ ಕೊನೆಯದು ದಿನದಿನಕ್ಕೆ ಕ್ಷೀಣಿಸುತ್ತಿದೆ. 1967ರಲ್ಲಿ ಮತ ಹಾಕಿದ ಅತಿ ಕಿರಿಯ ಮತದಾರನಿಗೂ ಇಂದು ಎಂಬತ್ತರ ಹತ್ತಿರದ ವಯಸ್ಸು.

ಒಟ್ಟಿನಲ್ಲಿ, ದಕ್ಷಿಣ ಮುಂಬಯಿಯ ಚುನಾವಣಾ ಚರಿತ್ರೆಯು ಕನ್ನಡಿಗನಿಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ. ಭಾಷೆಯ ಬಲದಿಂದ ಇಲ್ಲಿ ಅವನು ಎಂದೂ ಬಹುಮತವಾಗಲಾರ. ಆದರೆ ತನ್ನೊಡನೆ ದುಡಿಯುವವರ ಜೊತೆಗೂಡಿದಾಗ ಅವನ ಮತ ದೇಶದ ಚರಿತ್ರೆಯನ್ನು ತುಸುವಾದರೂ ತಿರುಗಿಸಬಲ್ಲದು. ಅದಕ್ಕೆ ಮೊದಲು ಅವನ ಹೆಸರು ತಾನು ಬದುಕುವ ಬೀದಿಯ ಪಟ್ಟಿಯಲ್ಲಿ ಇರಬೇಕು. ಆ ಹಿರಿಯರು ಅಂಟಿಸಿದ ಭಿತ್ತಿಪತ್ರಗಳು ಎಂದೋ ಹರಿದುಹೋಗಿವೆ. ಅವರ ಹೆಸರು ಯಾವ ಪಟ್ಟಿಯಲ್ಲಿ ಇರಬೇಕಾಗಿತ್ತೆಂಬ ಪ್ರಶ್ನೆ, ಇಂದು ಊರಿನಿಂದ ಇಲ್ಲಿಗೆ ಬಂದು ಓದುತ್ತಿರುವ ನಮ್ಮ ವಿದ್ಯಾರ್ಥಿಗಳ ಮುಂದೆಯೂ ಇದೆ.